ಕಡಲಿಗೆ ಕೊನೆಯ ನೂರು ಹೆಜ್ಜೆ

ನಡೆಯಲು ಕಷ್ಟವಿರುವವರಿಗೆ, ಅವರ ಮನೆಯವರಿಗೆ ಮತ್ತು ಕರಾವಳಿಯ ಆಡಳಿತ ನಡೆಸುವವರಿಗೆ ಒಂದು ಮನವಿ



"ಅಮ್ಮ, ನೀವು ಕಾರಲ್ಲೇ ಕೂತಿರಿ. ನಾವು ಹೀಗೆ ಹೋಗಿ ಹಾಗೆ ಬಂದುಬಿಡ್ತೇವೆ."

ಕಡಲತೀರಕ್ಕೆ ಹೋದ ಎಷ್ಟೋ ಕುಟುಂಬಗಳಲ್ಲಿ ಈ ಮಾತು ಬರುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಕೇಳಿದವರೂ "ಹೂಂ, ಹೋಗಿ ಬನ್ನಿ" ಎನ್ನುತ್ತಾರೆ. ಆಮೇಲೆ ಕಾರಿನ ಗಾಜು ಅರ್ಧ ಇಳಿಸಿಕೊಂಡು, ಗಾಳಿಮರಗಳ ಆಚೆ ಮೊರೆಯುವ ಸಮುದ್ರದ ಸದ್ದು ಕೇಳುತ್ತಾ ಕೂರುತ್ತಾರೆ. ಮೊಮ್ಮಕ್ಕಳು ಒದ್ದೆ ಕಾಲಲ್ಲಿ ಓಡಿಬಂದು ಮಡಿಲಿಗೆ ನಾಲ್ಕು ಚಿಪ್ಪು ಸುರಿಯುತ್ತಾರೆ. ಅಜ್ಜಿಯ ಪಾಲಿಗೆ ಬಂದ ಕಡಲು ಅಷ್ಟೇ.

ಆ ಕಾರಿನಲ್ಲಿ ಕೂತವಳು ನಾನು. ನನ್ನ ಎರಡೂ ಮಂಡಿ ಸವೆದಿವೆ. ಗಟ್ಟಿ ನೆಲದ ಮೇಲೆ ಕೋಲೂರಿಕೊಂಡು ಐವತ್ತು ಹೆಜ್ಜೆ ಹಾಕಬಲ್ಲೆ. ಹೊಯಿಗೆಯಲ್ಲಿ ಐದು ಹೆಜ್ಜೆಯೂ ಆಗದು. ಹಾಗಿದ್ದೂ ಕಳೆದ ಚಳಿಗಾಲದಲ್ಲಿ ಮಗಳ ಜೊತೆ ಬಾಡಿಗೆ ಕ್ಯಾರವಾನಿನಲ್ಲಿ ಮಂಗಳೂರಿಂದ ಕಾರವಾರದವರೆಗೆ ಹೋಗಿಬಂದೆ. ಆ ಅನುಭವದ ಬಲದಿಂದ ಒಂದು ಮಾತನ್ನು ಖಚಿತವಾಗಿ ಹೇಳುತ್ತೇನೆ: ನಡೆಯಲಾಗದವರನ್ನು ನೂರಾರು ಕಿಲೋಮೀಟರ್ ದಾಟಿಸಿ ಕಡಲ ಮುಂದೆ ತಂದು ನಿಲ್ಲಿಸುವ ವಾಹನ ಇವತ್ತು ಇದೆ. ಬಾಕಿ ಇರುವುದು ಅದರ ಬಾಗಿಲಿನಿಂದ ಅಲೆಯವರೆಗಿನ ನೂರು ಹೆಜ್ಜೆ. ಆ ನೂರು ಹೆಜ್ಜೆಯ ದಾರಿಯನ್ನು ಊರು ಮಾಡಿಕೊಡಬೇಕು. ಮಾಡಿಕೊಡಿ ಎಂದು ನಾವು ಬಾಯಿ ಬಿಟ್ಟು ಕೇಳಬೇಕು.

ಕ್ಯಾರವಾನ್ ಏಕೆ?

ನಡಿಗೆ ಕಡಿಮೆಯಾದವರು ಪ್ರವಾಸಕ್ಕೆ ಹೆದರುವುದು ಕಾಲುನೋವಿಗಿಂತ ಹೆಚ್ಚಾಗಿ ಶೌಚಾಲಯಕ್ಕೆ. ಇದನ್ನು ಮನೆಯವರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತೇವೆ. ಕಾಫಿ ಬೇಡ, ಎಳನೀರು ಬೇಡ ಎನ್ನುತ್ತೇವೆ. ಹೆದ್ದಾರಿ ಬದಿಯ ಹೋಟೆಲಿನ ಶೌಚಾಲಯ ಹಿತ್ತಿಲಲ್ಲಿರುತ್ತದೆ, ನಾಲ್ಕು ಮೆಟ್ಟಿಲು ಇಳಿಯಬೇಕು, ಒಳಗೆ ಕುಕ್ಕರುಗಾಲಲ್ಲಿ ಕೂರಬೇಕು. ಕೂತರೆ ಏಳುವವರು ಯಾರು? ಬಿಸಿಲಿನಲ್ಲಿ ನೀರಿಲ್ಲದೆ ಕೂತು ತಲೆಸುತ್ತಿ ಬಿದ್ದವರು ನಮ್ಮ ನಡುವೆ ಇದ್ದಾರೆ.

ಕ್ಯಾರವಾನ್ ಅಥವಾ ಮೋಟಾರ್‌ಹೋಮ್ ಎಂದರೆ ಮಂಚ, ಅಡುಗೆಕಟ್ಟೆ, ಫ್ರಿಜ್, ಕಮೋಡ್ ಎಲ್ಲವನ್ನೂ ಒಳಗಿಟ್ಟುಕೊಂಡ ಬಂಡಿ. ಆಡಂಬರದ ವಾಹನವೆಂದು ಅದನ್ನು ದೂರ ಇಡಬೇಡಿ. ನಮ್ಮಂಥವರಿಗೆ ಅದು ನಾಲ್ಕು ಹೆಜ್ಜೆ ದೂರದ ಶೌಚಾಲಯ. ನೋವು ಬಂದ ಗಳಿಗೆಯಲ್ಲಿ ಕಾಲು ಚಾಚುವ ಹಾಸಿಗೆ. ಇನ್ಸುಲಿನ್ ಇಡುವ ತಣ್ಣನೆ ಜಾಗ. ಪ್ರತಿ ರಾತ್ರಿ ಹೊಸ ವಸತಿಗೃಹ, ಹೊಸ ಮೆಟ್ಟಿಲು, ಕತ್ತಲಲ್ಲಿ ಹೊಸ ಬಚ್ಚಲು ಎಂಬ ತಾಪತ್ರಯವಿಲ್ಲ. ಮೊದಲ ದಿನ ಕೈಗೆ ಸಿಕ್ಕ ಹಿಡಿಕಂಬಿಯೇ ಕೊನೆಯ ದಿನದವರೆಗೂ ಸಿಗುತ್ತದೆ. ನಾನು ಆ ಪ್ರವಾಸದಲ್ಲಿ ಹೊಟ್ಟೆ ತುಂಬ ನೀರು ಕುಡಿದೆ. ಬಹಳ ವರ್ಷಗಳ ಮೇಲೆ ದಾರಿಯಲ್ಲಿ ಎಳನೀರು ಕುಡಿದೆ.

ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ಬೆಂಗಳೂರಿನಲ್ಲಿ ಇಂಥ ವಾಹನಗಳು ಬಾಡಿಗೆಗೆ ಸಿಗುತ್ತವೆ. ಒಬ್ಬಿಬ್ಬರಿಗೆ ಬಾಡಿಗೆ ಭಾರವೇ. ನಾಲ್ವರು ಹಂಚಿಕೊಂಡು, ವಸತಿಗೃಹದ ಮತ್ತು ಕಾರಿನ ಖರ್ಚನ್ನು ಪಕ್ಕದಲ್ಲಿ ಬರೆದು ಲೆಕ್ಕ ಹಾಕಿ ನೋಡಿ.

ಮುಂಗಡ ಕೊಡುವ ಮುನ್ನ ಅಳತೆ ಕೇಳಿ

ಚಿತ್ರ ನೋಡಿ ಗಾಡಿ ಹಿಡಿಯಬೇಡಿ. ಸಾಧ್ಯವಾದರೆ ಕಷ್ಟವಿರುವವರೇ ಹೋಗಿ ಒಮ್ಮೆ ಹತ್ತಿ, ಕೂತು, ಮಲಗಿ, ಇಳಿದು ನೋಡಲಿ. ಆಗದಿದ್ದರೆ ಟೇಪು ಹಿಡಿದು ಅಳೆದು ಹೇಳುವಂತೆ ಕೇಳಿ.

ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ? ಬಾಗಿಲಿನ ಎರಡೂ ಬದಿ ಹಿಡಿಯಲು ಕಂಬಿ ಇದೆಯೇ? ಮೆಟ್ಟಿಲು ಎತ್ತರವಾಗಿದ್ದರೆ ಅಲುಗಾಡದ, ಅಗಲವಾದ ಮಣೆಯೊಂದನ್ನು ಮನೆಯಿಂದಲೇ ಒಯ್ಯಿರಿ.

ಬಚ್ಚಲಿನ ಬಾಗಿಲು ಎಷ್ಟು ಅಗಲ? ಗಾಲಿಕುರ್ಚಿ ಒಳಗೆ ಹೋಗದ ಗಾಡಿಗಳೇ ಹೆಚ್ಚು. ಎರಡು ಹೆಜ್ಜೆಯನ್ನಾದರೂ ಹಿಡಿದು ನಡೆಯಬಲ್ಲವರಿಗೆ ಅದು ಸಾಕಾದೀತು, ಒಂದು ಹೆಜ್ಜೆಯೂ ಆಗದವರಿಗೆ ಸಾಲದು. ಇದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ.

ಮಂಚ ಯಾವುದು? ಏಣಿ ಹತ್ತಿ ಮಲಗುವ ಮೇಲಿನ ಮಂಚ ಮಕ್ಕಳಿಗಿರಲಿ. ಕೂತಾಗ ಪಾದ ನೆಲಕ್ಕೆ ಊರುವಷ್ಟು ಎತ್ತರದ ಮಂಚ ನಮಗೆ ಬೇಕು.

ಇನ್ನು ಮೂರು ಎಚ್ಚರ. ಗಾಡಿ ಓಡುತ್ತಿರುವಾಗ ಯಾರೂ ಎದ್ದು ಓಡಾಡಬಾರದು, ಸೀಟುಬೆಲ್ಟು ಕಟ್ಟಿಕೊಂಡೇ ಕೂರಬೇಕು. ರಾತ್ರಿ ನಿಲ್ಲಿಸುವಾಗ ನೆಲ ಸಮತಟ್ಟಾಗಿರಬೇಕು, ಗಾಡಿ ಸ್ವಲ್ಪ ವಾಲಿದ್ದರೂ ಬಲವಿಲ್ಲದ ಕಾಲು ಒಳಗೆ ಜಾರುತ್ತದೆ. ಶೌಚದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹೊಯಿಗೆಯ ಮೇಲೋ ತೋಡಿಗೋ ಆ ಕೊಳೆಯನ್ನು ಬಿಡುವುದು ಆ ಊರಿಗೆ ಮಾಡುವ ದ್ರೋಹ.

ದಾರಿ ಹೇಗಿರಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಕಡಲು ಮುನಿದಿರುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಒಂದೇ ಉಸಿರಿಗೆ ಹೋಗದೆ ಹಾಸನದ ಕಡೆ ಒಂದು ರಾತ್ರಿ ತಂಗಿ, ಘಾಟಿಯನ್ನು ಬೆಳಕಿನಲ್ಲಿ ಇಳಿಯಿರಿ.

ಅಲ್ಲಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಪಾಲಿನ ಭಾಗ್ಯ. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿಯವರೆಗೆ ಅದು ಬಹುಪಾಲು ಕಡಲಿನ ಸಮೀಪದಲ್ಲೇ ಸಾಗುತ್ತದೆ. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಇದಕ್ಕೆ ಐದು ದಿನ ಇಟ್ಟುಕೊಳ್ಳಿ. ದಿನಕ್ಕೆ ಎರಡು ಗಂಟೆ ಪ್ರಯಾಣ, ಒಂದೇ ಕಡಲತೀರ, ಅದೂ ಬಿಸಿಲು ಇಳಿದ ಮೇಲೆ. ಹೆಚ್ಚು ಜಾಗ ನೋಡುವ ಆಸೆಯೇ ನಮ್ಮ ಕಾಲಿಗೆ ಶತ್ರು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಅಲ್ಲಿ ಇಳಿಯುವ ಅಗತ್ಯವೇ ಬೀಳಲಿಲ್ಲ. ರಸ್ತೆಯಿಂದ ಒಳಕ್ಕೆ, ವಾಹನ ನಿಲ್ಲಿಸಲು ಬಿಟ್ಟ ಜಾಗದಲ್ಲಿ ಗಾಡಿ ನಿಲ್ಲಿಸಿ, ಮಂಚದ ಮೇಲೆ ದಿಂಬಿಗೊರಗಿ ಸೂರ್ಯ ಮುಳುಗುವುದನ್ನು ನೋಡಿದೆ. ಮುರ್ಡೇಶ್ವರದ ರಾಜಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ 123 ಅಡಿಯ ಶಿವನೂ ಮೂರು ಕಡೆಯ ನೀರೂ ಒಟ್ಟಿಗೆ ಕಾಣುತ್ತವೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ 33 ಮಾನದಂಡಗಳಲ್ಲಿ ಅಂಗವಿಕಲರಿಗೆ ದಾರಿ ಮತ್ತು ಶೌಚಾಲಯವೂ ಸೇರಿದೆ.

ಬಿಡಬೇಕಾದ್ದನ್ನು ಬಿಡುವುದೂ ಯೋಜನೆಯ ಭಾಗವೇ. ಗೋಕರ್ಣದ ಓಂ ಬೀಚಿಗೆ ಮೆಟ್ಟಿಲಿಳಿಯಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲು ಅಲುಗಾಡುವ ದೋಣಿ ಹತ್ತಿ ಇಳಿಯಬೇಕು. ನಾನು ಎರಡನ್ನೂ ಬಿಟ್ಟೆ, ಬೇಸರವಾಗಲಿಲ್ಲ.

ಹೊರಡುವ ಮೊದಲು ಫೋನ್ ಮಾಡಿ. "ಅಂಗವಿಕಲರಿಗೆ ಅನುಕೂಲ ಇದೆಯಾ?" ಎಂದು ಕೇಳಿದರೆ "ಎಲ್ಲ ಇದೆ, ಬನ್ನಿ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ಗಾಡಿ ನಿಲ್ಲುವಲ್ಲಿಂದ ನೀರಿನವರೆಗೆ ಎಷ್ಟು ಮೆಟ್ಟಿಲು? ಗಟ್ಟಿ ನೆಲ ಎಲ್ಲಿ ಮುಗಿಯುತ್ತದೆ? ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ? ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸುತ್ತೀರಾ?

ಬೀಗದ ಕೈಯ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಒಂದು ತೀರದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಅಂದದ ಶೌಚಾಲಯವಿತ್ತು. ಬಾಗಿಲಿಗೆ ಬೀಗ. ಬೀಗದ ಕೈ ಇದ್ದವರು ಪೇಟೆಗೆ ಹೋಗಿದ್ದರು. ಕಿಟಕಿಯಿಂದ ನೋಡಿದರೆ ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿದ್ದರು.

ಏಳು ಹಲಗೆಗಳು

ಇನ್ನೊಂದು ಊರಿನಲ್ಲಿ ಗಟ್ಟಿ ನೆಲ ಮುಗಿದಲ್ಲಿ ನಿಂತು ನೀರನ್ನೇ ನೋಡುತ್ತಿದ್ದೆ. ದೋಣಿ ಎಳೆದು ಕೂತಿದ್ದ ಮೀನುಗಾರರೊಬ್ಬರು, "ಅಮ್ಮ, ನೀರಿಗೆ ಬರ್ಲಿಕ್ಕುಂಟಾ?" ಎಂದು ಕೇಳಿದರು. "ಹೌದು" ಎಂದೆ. ಅವರು ನನ್ನ ಕಾಲು ನೋಡಿದರು. ಮತ್ತೊಬ್ಬರನ್ನು ಕರೆದು, ದೋಣಿಯ ಅಡಿಗೆ ಕೊಡುವ ಏಳು ಹಲಗೆಗಳನ್ನು ಹೊಯಿಗೆಯ ಮೇಲೆ ಸಾಲಾಗಿ ಹಾಸಿದರು. ನಾನು ದಾಟಿದ ಹಲಗೆಯನ್ನು ಹಿಂದಿನಿಂದ ಎತ್ತಿ ಮುಂದೆ ಹಾಸುತ್ತಾ ಹೋದರು. ಹಾಗೆ ನಡೆದು ಹನ್ನೆರಡು ವರ್ಷಗಳ ಮೇಲೆ ನನ್ನ ಪಾದಕ್ಕೆ ಅಲೆ ತಾಗಿತು.

ಅವರಿಗೆ ಕೈಮುಗಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಏಳು ಹಲಗೆಯಿಂದ ಇಬ್ಬರು ಮಾಡಿದ್ದನ್ನು ಒಂದು ಪಂಚಾಯಿತಿ, ಒಂದು ಜಿಲ್ಲೆ, ಒಂದು ಇಲಾಖೆ ಮಾಡಲಾರದೇ? ಹಲಗೆ ಹಾಸುವವರು ಸಿಕ್ಕಿದರೆ ಮಾತ್ರ ಕಡಲು, ಸಿಗದಿದ್ದರೆ ಕಾರಿನ ಕಿಟಕಿ ಎನ್ನುವುದು ಎಷ್ಟು ಕಾಲ?

"ಕಡಲು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ, ದಾರಿ ನಿಲ್ಲುವುದಿಲ್ಲ" ಎನ್ನುವವರಿಗೆ ಚೆನ್ನೈನ ಮರೀನಾ ಉತ್ತರ. ಅಲ್ಲಿನ ಅಂಗವಿಕಲರು ವರ್ಷಗಟ್ಟಲೆ ಕೇಳಿದ ಮೇಲೆ 2022ರ ನವೆಂಬರ್‌ನಲ್ಲಿ ಸುಮಾರು 263 ಮೀಟರ್ ಉದ್ದದ ಮರದ ದಾರಿ ತೆರೆಯಿತು. ಮರುತಿಂಗಳೇ ಮಾಂಡೂಸ್ ಚಂಡಮಾರುತ ಬಂದು ಕಡಲ ಕಡೆಯ ತುದಿಗೆ ಹಾನಿಯಾಯಿತು. ದುರಸ್ತಿ ಮಾಡಿ ಮತ್ತೆ ತೆರೆದರು. ಮಳೆಗೆ ಹಾಳಾದ ರಸ್ತೆಯನ್ನು ಪ್ರತಿ ವರ್ಷ ರಿಪೇರಿ ಮಾಡುವುದಿಲ್ಲವೇ? ಇದೂ ರಸ್ತೆಯೇ. ನಮ್ಮ ಮುಂಗಾರಿಗೆ ಮುನ್ನ ಬಿಚ್ಚಿ ಎತ್ತಿಟ್ಟು, ಮಳೆ ನಿಂತ ಮೇಲೆ ಮತ್ತೆ ಜೋಡಿಸುವಂಥ ಹಲಗೆಯ ಅಥವಾ ಚಾಪೆಯ ದಾರಿಯೂ ಆದೀತು. ದಡದಿಂದ ಕೈರಂಪಣಿ ಬಲೆ ಎಳೆಯುವ, ದೋಣಿ ಇಡುವ ಜಾಗಕ್ಕೆ ಅಡ್ಡ ಬಾರದಂತೆ, ಮೀನುಗಾರರನ್ನೇ ಕೇಳಿ ದಾರಿ ಗುರುತಿಸಲಿ. ಕಡಲನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಎಷ್ಟು ಜನ ಬರುತ್ತಾರೆ?" ಎನ್ನುವವರಿಗೆ: 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಅಂಗವಿಕಲರಿದ್ದರು. ಮಂಡಿ ಸವೆದ ಹಿರಿಯರು, ಶಸ್ತ್ರಚಿಕಿತ್ಸೆ ಆದವರು, ತುಂಬು ಬಸುರಿಯರು, ಕೈಗೂಸಿನ ತಳ್ಳುಗಾಡಿ ತಂದ ತಾಯಂದಿರು ಆ ಲೆಕ್ಕದಲ್ಲಿಲ್ಲ. ದಾರಿಯಿಲ್ಲದ ಕಡೆ ಬಾರದವರನ್ನು ತೋರಿಸಿ "ಯಾರೂ ಬರುವುದಿಲ್ಲ" ಎನ್ನುವುದು ನ್ಯಾಯವಲ್ಲ.

ಇದು ದಯೆಯ ಮಾತೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮನರಂಜನೆ ಮತ್ತು ವಿರಾಮವನ್ನೂ ಹಕ್ಕಿನ ವ್ಯಾಪ್ತಿಗೆ ತಂದಿದೆ. ಸುಗಮ ಪ್ರವೇಶದ ನಿಯಮಗಳು ಬರಿಯ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಬೇಡಿಕೆಗಳು

1. ಕರಾವಳಿಯ ಮೂರೂ ಜಿಲ್ಲೆಗಳ ಪ್ರತಿ ಕಡಲ ತಾಲ್ಲೂಕಿನಲ್ಲಿ ಕನಿಷ್ಠ ಒಂದು ತೀರಕ್ಕೆ, ವಾಹನ ನಿಲ್ಲುವ ಜಾಗದಿಂದ ಅಲೆಯ ಅಂಚಿನವರೆಗೆ ಗಟ್ಟಿ ದಾರಿ ಇರಲಿ. ಏರಿರುವಲ್ಲಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಎರಡೂ ಬದಿ ಕೈಕಂಬಿ ಬೇಕು.

2. ಆ ದಾರಿಯ ತಲೆಯಲ್ಲೇ ಸಮತಟ್ಟಾದ, 3.6 ಮೀಟರ್ ಅಗಲದ ಎರಡು ಪಾರ್ಕಿಂಗ್ ಜಾಗಗಳನ್ನು ನಡೆಯಲಾಗದವರಿಗೆ ಮೀಸಲಿಡಲಿ. ಒಂದು ಕ್ಯಾರವಾನ್ ಹಿಡಿಸುವಷ್ಟು ಉದ್ದವಿರಲಿ.

3. ಗಾಲಿಕುರ್ಚಿ ಒಳಗೆ ಹೋಗಿ ತಿರುಗುವ ಶೌಚಾಲಯ ಬೇಕು. ಅದಕ್ಕೆ ಹಗಲಿಡೀ ಬೀಗ ಬೀಳಬಾರದು.

4. ಹೊಯಿಗೆಯಲ್ಲಿ ಹೂತುಹೋಗದ, ದಪ್ಪ ಟಯರಿನ ಒಂದು ಗಾಲಿಕುರ್ಚಿ, ಅದನ್ನು ನಡೆಸಲು ತರಬೇತಿ ಪಡೆದ ಜೀವರಕ್ಷಕರು ಇರಲಿ.

5. ಕ್ಯಾರವಾನ್‌ಗಳಿಗೆ ವಿದ್ಯುತ್, ನೀರು, ಶೌಚದ ಟ್ಯಾಂಕ್ ಖಾಲಿ ಮಾಡುವ ವ್ಯವಸ್ಥೆಯುಳ್ಳ ತಂಗುದಾಣಗಳು ಹೆದ್ದಾರಿ 66ರ ಉದ್ದಕ್ಕೂ ಆಗಲಿ.

6. ಪ್ರತಿ ತೀರದ ಬಾಗಿಲಲ್ಲಿ ಒಂದು ಫಲಕ ಹಾಕಿ: ನೀರಿಗೆ ಎಷ್ಟು ಮೀಟರ್, ಎಷ್ಟು ಮೆಟ್ಟಿಲು, ಎಷ್ಟು ದೂರ ಗಟ್ಟಿ ನೆಲ.

ನೀವು ಮಾಡಬೇಕಾದ್ದು

ಕರಾವಳಿಯ ಬಂಧುಗಳೇ, ಮುಂದಿನ ಗ್ರಾಮಸಭೆಯಲ್ಲಿ ಈ ಆರು ಅಂಶಗಳನ್ನು ಓದಿ, ನಡಾವಳಿಯಲ್ಲಿ ಬರೆಸಿ. ಪ್ರವಾಸ ಹೋಗುವವರೇ, ದಾರಿ ಇಲ್ಲದ ಕಡೆ ಫೋಟೊ ತೆಗೆದು ಜಿಲ್ಲಾಧಿಕಾರಿಗಳಿಗೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ಪತ್ರ ಬರೆಯಿರಿ. ಒಳ್ಳೆಯ ದಾರಿ ಕಂಡಲ್ಲಿ ಅದನ್ನೂ ಬರೆದು ತಿಳಿಸಿ.

ಮಕ್ಕಳೇ, "ನೀವು ಕಾರಲ್ಲೇ ಕೂತಿರಿ" ಎನ್ನುವ ಮೊದಲು ನೀವೇ ಇಳಿದು ಹೋಗಿ ದಾರಿ ನೋಡಿ ಬನ್ನಿ. ಯೋಜನೆ ಹಾಕುವ ದಿನ ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟು ಹೆಜ್ಜೆ ಆಗುತ್ತದೆ ಎಂದು ಅವರ ಬಾಯಿಂದಲೇ ಕೇಳಿ.

ನನ್ನಂತೆಯೇ ಕೋಲು, ವಾಕರ್, ಗಾಲಿಕುರ್ಚಿ ಹಿಡಿದವರೇ, "ನನಗೇನೂ ಬೇಡ, ನೀವು ಹೋಗಿ ಬನ್ನಿ" ಎನ್ನುವುದನ್ನು ಇವತ್ತಿಗೆ ನಿಲ್ಲಿಸೋಣ. ನಾವು ಬೇಡ ಎಂದಷ್ಟು ದಿನ ಯಾರೂ ದಾರಿ ಹಾಕುವುದಿಲ್ಲ. ಆ ದಿನ ಆ ಮೀನುಗಾರರು ಕೇಳಿದರು, "ನೀರಿಗೆ ಬರ್ಲಿಕ್ಕುಂಟಾ?" ಎಂದು. ನಾನು "ಹೌದು" ಎಂದದ್ದರಿಂದ ಹಲಗೆ ಹಾಸಿದರು.

ನಾವೆಲ್ಲ ಹೌದು ಎನ್ನೋಣ, ಗಟ್ಟಿಯಾಗಿ.

ಓದಿ. ಮನೆಯ ಹಿರಿಯರಿಗೆ ಓದಿ ಹೇಳಿ. ಇನ್ನೊಬ್ಬರ ಕೈಗೆ ಕೊಡಿ.