ತೊಡೆಸಂದಿಯ ನವೆ ಮತ್ತು ಮೆಡಿಕಲ್ ಶಾಪಿನ ಡಾಕ್ಟರು

ಇದನ್ನ ಬರೆಯೋದೋ ಬೇಡವೋ ಅಂತ ಒಂದು ವಾರ ಯೋಚನೆ ಮಾಡಿದೆ. ನಾವು ಬ್ಲಾಗಿಗರು ಮಳೆ ಬಗ್ಗೆ ಬರೀತೀವಿ, ಅಜ್ಜಿ ಮಾಡ್ತಿದ್ದ ಕೋಡುಬಳೆ ಬಗ್ಗೆ ಬರೀತೀವಿ, ಮುರಿದುಬಿದ್ದ ಪ್ರೇಮದ ಬಗ್ಗೆಯಂತೂ ಕೇಳೋದೇ ಬೇಡ. ಆದ್ರೆ ಗಂಡಸರ ತೊಡೆಸಂದಿಯ ತುರಿಕೆ ಬಗ್ಗೆ ಒಂದು ಸಾಲೂ ಇಲ್ಲ. ಮುಜುಗರ ಆಗೋರು ಇಲ್ಲಿಗೇ ನಿಲ್ಲಿಸಬಹುದು :-) ಉಳಿದವರು ಓದಿ. ನಾನು ಇವತ್ತು ಜಗಳ ಆಡೋಕೇ ಬಂದಿದೀನಿ.

ಎರಡು ಬೇಸಿಗೆಗಳ ಹಿಂದೆ ನನ್ನ ಬಲತೊಡೆಯ ಸಂದಿಯಲ್ಲಿ ಒಂದು ಕೆಂಪು ಬಳೆ ಕಾಣಿಸ್ತು. ರಾತ್ರಿ ನಿದ್ದೆ ಕೆಡಿಸುವಷ್ಟು ನವೆ. ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿ, ಹೆಂಗಸರೆಲ್ಲ ಹೋಗುವವರೆಗೂ ಕಾದು, ಪಿಸುಗುಟ್ಟಿದೆ. ಹುಡುಗ ನಕ್ಕು, "ಇದು ಹಚ್ಚಿ ಸಾರ್, ಮೂರೇ ದಿನ" ಅಂತ ಒಂದು ಟ್ಯೂಬ್ ಪೇಪರಲ್ಲಿ ಸುತ್ತಿ ಕೊಟ್ಟ. ಮೂರನೇ ದಿನಕ್ಕೆ ನಿಜವಾಗ್ಲೂ ಕಮ್ಮಿ ಆಯ್ತು! ಬಿಟ್ಟ ವಾರಕ್ಕೆ ವಾಪಸ್. ಈ ಸಲ ಬಳೆ ದೊಡ್ಡದು. ಮತ್ತೆ ಟ್ಯೂಬ್. ಹೀಗೇ ಎಂಟು ತಿಂಗಳು. ಬಳೆ ಸೊಂಟಕ್ಕೆ ಹತ್ತಿತು, ಆಮೇಲೆ ಹೆಂಡತಿಗೆ ಹತ್ತಿತು, ಕೊನೆಗೆ ನಾಲ್ಕು ವರ್ಷದ ಮಗಳ ಹೊಟ್ಟೆ ಮೇಲೆ ಬಂತು. ನಾನು ಅದೇ ಟ್ಯೂಬನ್ನ ಮಗಳಿಗೂ ಹಚ್ಚಿದೆ. ಇದನ್ನ ಬರೆಯುವಾಗ ಈಗಲೂ ಕೈ ತಡೆಯುತ್ತೆ.

ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ಹಚ್ಚಿದ್ರಿ?" ಟ್ಯೂಬಿನ ಹಿಂದಿನ ಸಣ್ಣಕ್ಷರ ನನಗೇ ಓದೋಕೆ ಹೇಳಿದ್ರು. ಒಂದು ಫಂಗಸ್ ಔಷಧಿ, ಒಂದು ಆಂಟಿಬಯಾಟಿಕ್, ಜೊತೆಗೆ ಕ್ಲೋಬೆಟಾಸೋಲ್. ಈ ಕೊನೆಯದು ಮೈಗೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಜೋರಿನದು. ನನ್ನದು ಹುಳುಕಡ್ಡಿ, ಅಂದ್ರೆ ಫಂಗಸ್. ಸ್ಟೀರಾಯ್ಡ್ ಮಾಡಿದ್ದು ಇಷ್ಟೇ: ಫಂಗಸ್ ವಿರುದ್ಧ ಹೋರಾಡ್ತಿದ್ದ ಮೈಯ ಕೈ ಕಟ್ಟಿಹಾಕ್ತು. ಕೆಂಪು ಇಳೀತು, ನವೆ ನಿಂತಿತು, ಫಂಗಸ್ ಆರಾಮಾಗಿ ಹಬ್ಬಿತು. ಚರ್ಮ ತೆಳುವಾಗಿ ತೊಡೆಯಲ್ಲಿ ಬಸುರಿಯರ ಹೊಟ್ಟೆ ಮೇಲೆ ಬರುವಂಥ ಗೆರೆಗಳು ಬಿದ್ದಿವೆ. ಅವು ಇನ್ನು ಹೋಗೋದಿಲ್ಲವಂತೆ.

ಇನ್ನೂ ದೊಡ್ಡ ಕಥೆ ಇದೆ. ನಮ್ಮ ದೇಶದಲ್ಲಿ ವ್ಯಾಪಕವಾಗಿ ಹಬ್ಬಿರುವ ಒಂದು ಫಂಗಸ್‌ಗೆ 2020ರಲ್ಲಿ ವಿಜ್ಞಾನಿಗಳು ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ರು. ಹೆಸರಲ್ಲೇ ಇಂಡಿಯಾ ಇದೆ, ಹೆಮ್ಮೆ ಪಡಿ! ಇದರ ಎಷ್ಟೋ ತಳಿಗಳಿಗೆ ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಯೇ ನಾಟೋದಿಲ್ಲ. ನ್ಯೂಯಾರ್ಕಿನಲ್ಲೂ ಇದು ಕಾಣಿಸಿಕೊಂಡಿದೆ ಅಂತ 2023ರಲ್ಲಿ ವರದಿಯಾಯ್ತು. ಇದು ಹೀಗೆ ಬೆಳೆಯೋಕೆ ಇಂಥ ಬೆರಕೆ ಟ್ಯೂಬುಗಳೂ ಒಂದು ಕಾರಣ ಅಂತ ಚರ್ಮವೈದ್ಯರು ಬಾಯಿ ಬಡ್ಕೊಳ್ತಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಆದೇಶ ಹೊರಡಿಸಿತು. ಆದೇಶ ಅಂಗಡಿ ಕೌಂಟರ್ ದಾಟಿ ಒಳಗೆ ಹೋಗಲೇ ಇಲ್ಲ.

"ಬಡವರು ಸ್ಪೆಷಲಿಸ್ಟ್ ಹತ್ರ ಎಲ್ಲಿ ಹೋಗ್ತಾರೆ? ಮೆಡಿಕಲ್ ಶಾಪಿನವನೇ ಅವರ ಡಾಕ್ಟರು" ಅಂತ ಒಬ್ಬ ಗೆಳೆಯ ವಾದ ಮಾಡಿದ. ಸರಿ, ಲೆಕ್ಕ ಹಾಕೋಣ. ಎಂಟು ತಿಂಗಳು ನಾನು ಕೊಂಡ ಟ್ಯೂಬುಗಳ ದುಡ್ಡು ಡಾಕ್ಟರ ಫೀಜಿಗಿಂತ ಜಾಸ್ತಿ. ಆಮೇಲೆ ಮೂರು ಜನರ ಚಿಕಿತ್ಸೆ ಬೇರೆ. ಬಡವನಿಗೆ ಅಗ್ಗದ ಔಷಧಿ ಬೇಕು ನಿಜ, ತಪ್ಪು ಔಷಧಿ ಅಲ್ಲ. ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗೋಕೆ ತಡೆಯೋದು ಬಡತನಕ್ಕಿಂತ ನಾಚಿಕೆ.

ಇನ್ನೊಂದು ಮಾತು. ತೊಡೆಸಂದಿಯ ಕಡಿತವೆಲ್ಲ ಹುಳುಕಡ್ಡಿ ಅಲ್ಲ. ಬಳೆಯಂಥ ಅಂಚು ಇದ್ದು ನಡುವೆ ತಿಳಿಯಾಗಿದ್ರೆ ಹೆಚ್ಚಾಗಿ ಅದೇ. ಆದ್ರೆ ಹಸಿಹಸಿ ಕೆಂಪಾಗಿ, ಸುತ್ತ ಸಣ್ಣ ಗುಳ್ಳೆ ಎದ್ದು ವೃಷಣದ ಚೀಲಕ್ಕೂ ಬಂದಿದ್ರೆ ಕ್ಯಾಂಡಿಡಾ ಇರಬಹುದು. ಅದು ಮತ್ತೆಮತ್ತೆ ಬಂದ್ರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ನವೆ ಕಮ್ಮಿ ಇರುವ ಕಂದು ಮಚ್ಚೆ ಬ್ಯಾಕ್ಟೀರಿಯಾದ್ದೂ ಆಗಬಹುದು. ರಾತ್ರಿ ಜೋರಾಗಿ, ಮನೆಮಂದಿಗೆಲ್ಲ, ಬೆರಳ ಸಂದಿಯಲ್ಲೂ ತುರಿಸಿದ್ರೆ ಕಜ್ಜಿ. ಹೊಸ ಸೋಪು, ಡಿಟರ್ಜೆಂಟ್ ಅಲರ್ಜಿ ಇರಬಹುದು, ಸೋರಿಯಾಸಿಸ್ ಇರಬಹುದು, ಬರೀ ಬೆವರು ಮತ್ತು ಉಜ್ಜಾಟವೂ ಇರಬಹುದು. ಇಷ್ಟಕ್ಕೆಲ್ಲ ಒಂದೇ ಟ್ಯೂಬ್ ಕೊಡೋನು ಡಾಕ್ಟರೂ ಅಲ್ಲ, ಔಷಧಿ ವ್ಯಾಪಾರಿಯೂ ಅಲ್ಲ, ಜೂಜುಕೋರ.

ನಿಂಬೆರಸ, ಬೆಳ್ಳುಳ್ಳಿ, ಡೆಟಾಲ್ ಹಚ್ಚಿ ಅಂತ ಮೆಸೇಜ್ ಫಾರ್ವರ್ಡ್ ಮಾಡುವ ಪುಣ್ಯಾತ್ಮರಿಗೂ ಕೈ ಮುಗೀತೀನಿ. ಮೊದಲೇ ಕೆರೆದು ಹುಣ್ಣಾದ ಜಾಗಕ್ಕೆ ನಿಂಬೆರಸ ಹಾಕಿ ನೋಡಿದೀನಿ. ಪೂರ್ವಜರೆಲ್ಲ ಕಣ್ಮುಂದೆ ಬಂದ್ರು.

ನನಗೆ ಡಾಕ್ಟರು ಹೇಳಿದ್ದು ಸರಳ. ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಫಂಗಸ್ ಗೊತ್ತಾಗುತ್ತೆ. ಮನೇಲಿ ಯಾರಿಗೆಲ್ಲ ಇದೆಯೋ ಎಲ್ಲರೂ ಒಟ್ಟಿಗೆ ಔಷಧಿ ತಗೋಬೇಕು. ಕಲೆ ಮಾಯವಾದ ತಕ್ಷಣ ನಿಲ್ಲಿಸಬಾರದು, ಅವರು ಹೇಳುವವರೆಗೂ ಮುಂದುವರೆಸಬೇಕು. ಟವೆಲ್ ಬೇರೆಬೇರೆ, ಒಳಬಟ್ಟೆ ಹತ್ತಿಯದು, ಚೆನ್ನಾಗಿ ಬಿಸಿಲಲ್ಲಿ ಒಣಗಿಸಿದ್ದು. ಪಾದದಲ್ಲೂ ಫಂಗಸ್ ಇದ್ರೆ ಮೊದಲು ಕಾಲುಚೀಲ, ಆಮೇಲೆ ಚಡ್ಡಿ. ಇಲ್ಲದಿದ್ರೆ ಅದು ಕಾಲಿಂದ ಮೇಲಕ್ಕೆ ಹತ್ತುತ್ತೆ. ನಮಗೆ ಮೂವರಿಗೂ ವಾಸಿಯಾಗೋಕೆ ನಾಲ್ಕು ತಿಂಗಳು ಬೇಕಾಯ್ತು.

ಈಗ ನಿಮ್ಮ ಮನೆಯ ಬೀರುವಿನಲ್ಲಿ ಅರ್ಧ ಹಿಂಡಿದ ಒಂದು ಟ್ಯೂಬ್ ಇರುತ್ತೆ, ನನಗೆ ಗೊತ್ತು. ತೆಗೆದು ಹಿಂಭಾಗ ಓದಿ. ಹೆಸರಿನ ಕೊನೆಯಲ್ಲಿ 'ಸೋಲ್', 'ಸೋನ್' ಅಂತ ಏನಾದ್ರೂ ಇದ್ರೆ ಇನ್ನೊಂದು ಸಲ ಹಚ್ಚುವ ಮುಂಚೆ ಅದನ್ನ ಡಾಕ್ಟರಿಗೆ ತೋರಿಸಿ. ನಾಚಿಕೆ ಆಗುತ್ತಾ? ಆಗಲಿ. ಆ ನಾಚಿಕೆಗೆ ನನ್ನ ಮಗಳು ಬೆಲೆ ತೆತ್ತಳು. ನಿಮ್ಮ ಮಗಳು ತೆರೋದು ಬೇಡ.

ಏನಂತೀರಿ?