ಚಕ್ರಕ್ಕೂ ಒಂದು ಸೂರು ಬೇಕು

ಮಳೆಗಾಲಕ್ಕೆ ಮುನ್ನ ಜಗುಲಿಗೆ ಸೋಗೆಯ ತಟ್ಟಿ ಕಟ್ಟುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಮಾಡು ಎಷ್ಟೇ ಗಟ್ಟಿಯಾಗಿರಲಿ, ಸೂರು ಗಿಡ್ಡವಾದರೆ ಇರಚಲು ಒಳನುಗ್ಗಿ ಗೋಡೆಯ ಬುಡವನ್ನು ತಿಂದುಹಾಕುತ್ತದೆ. ಮನೆ ಕಟ್ಟಿದವರೆಲ್ಲರಿಗೂ ಗೊತ್ತಿರುವ ಈ ಸಂಗತಿ ಗಾಡಿ ಕೊಳ್ಳುವ ತರುಣರಿಗೆ ಮಾತ್ರ ಏಕೆ ಮರೆತುಹೋಗುತ್ತದೆಯೋ ಕಾಣೆ. ನಿವೃತ್ತ ಮಾಸ್ತರನೊಬ್ಬ ಮಡ್ಗಾರ್ಡಿನ ಕುರಿತು ಬರೆಯಹೊರಟನೆಂದು ಓದುಗರು ನಗಬಾರದು. ಬರೆಯಲು ಕಾರಣವಿದೆ.

ನನ್ನ ತಂಗಿಯ ಮಗ ಇಡಗುಂದಿಯ ಸಮೀಪ ತೋಟ ಮಾಡಿಕೊಂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಹಳೆಯದೊಂದು ಮಾರುತಿ ಜಿಪ್ಸಿ ಕೊಂಡ. ಗೊಬ್ಬರ, ಅಡಿಕೆ ಮೂಟೆ, ಕೆಲಸದವರು, ಕೆಲವೊಮ್ಮೆ ನಾನು, ಎಲ್ಲರೂ ಅದರಲ್ಲೇ. ಆಮೇಲೆ ಅದಕ್ಕೆ ಅಗಲವಾದ ದೊಡ್ಡ ಟೈರುಗಳನ್ನು ಹಾಕಿಸಿದ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ತಗಡಿಗೆ ಉಜ್ಜತೊಡಗಿತು. ಗ್ಯಾರೇಜಿನವನು ಚಕ್ರದ ಮೇಲಿದ್ದ ಪ್ಲಾಸ್ಟಿಕ್ ಫ್ಲೇರುಗಳನ್ನು ಕಿತ್ತು, ತಗಡಿನ ಕಮಾನನ್ನೂ ಗ್ರೈಂಡರಿನಿಂದ ಕೊಯ್ದು ಕೊಟ್ಟ. ಫ್ಲೇರುಗಳು ಕೊಟ್ಟಿಗೆಯ ಅಟ್ಟ ಸೇರಿದವು. ತಿರುಗಿ ಹಾಕಿಸೆಂದು ನಾನು ಹೇಳಿದ್ದುಂಟು. "ಅದು ಬರೀ ಚಂದಕ್ಕೆ ಇಪ್ಪದು ಮಾವಾ" ಎಂದು ಅವನ ಉತ್ತರ. ನಾನೂ ಸುಮ್ಮನಾದೆ.

ಕಳೆದ ಮಳೆಗಾಲದ ಒಂದು ಸಂಜೆ ಅದೇ ಗಾಡಿಯಲ್ಲಿ ಬರುತ್ತಿದ್ದೆವು. ತೋಟದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೆಂಗಸೊಬ್ಬಳು ರಸ್ತೆಯ ಅಂಚಿಗೆ ಸರಿದು ನಿಂತಳು. ನಾವು ದಾಟಿ ಹೋದೆವು. ಕೂಗು ಕೇಳಿ ಹಿಂತಿರುಗಿ ನೋಡಿದರೆ, ತಲೆಯಿಂದ ಕಾಲಿನವರೆಗೆ ಕೆಂಪು ರಾಡಿ. ಹುಬ್ಬಿನ ಮೇಲೆ ಜಲ್ಲಿಕಲ್ಲಿನ ಏಟು, ನೆತ್ತರು. ಇನ್ನೊಂದು ಬೆರಳು ಕೆಳಗೆ ತಾಗಿದ್ದರೆ ಕಣ್ಣು ಹೋಗುತ್ತಿತ್ತು. ಅವಳು ನಮ್ಮನ್ನು ಬಯ್ಯಲಿಲ್ಲ. "ನಾನೇ ಇನ್ನಷ್ಟು ಆಚೆ ನಿಲ್ಲಬೇಕಿತ್ತು" ಎಂದಳು. ಆಚೆ ಇದ್ದುದು ಗಟಾರ. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು. ಗಾಡಿಯ ಒಳಗೆ ನನ್ನ ಪಂಚೆಯ ಮೇಲೆ ಒಂದು ಹನಿ ಕೆಸರೂ ಸಿಡಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫ್ಲೇರು ಅಲಂಕಾರವಲ್ಲ ಎಂಬುದಕ್ಕೆ ಜಿಪ್ಸಿಯ ಚರಿತ್ರೆಯೇ ಸಾಕ್ಷಿ. 1985ರಲ್ಲಿ ಬಂದ ಮೊದಲ ಜಿಪ್ಸಿಯ ಚಕ್ರಗಳ ನಡುವಿನ ಅಗಲ ಕಡಿಮೆಯಿತ್ತು. 1993ರಲ್ಲಿ ಕಂಪನಿ ಹಿಂದೆ ಮುಂದೆ ಎರಡೂ ಕಡೆ ಅದನ್ನು 90 ಮಿಲಿಮೀಟರ್ ಹೆಚ್ಚಿಸಿತು. ಚಕ್ರ ಮೈಯಿಂದ ಹೊರಬಂತು. ಅದರೊಂದಿಗೆ ಎದ್ದು ಕಾಣುವ ಫ್ಲೇರುಗಳೂ ಬಂದವು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸವನ್ನು ಜನ ಗುರುತಿಸುತ್ತಿದ್ದುದೇ ಅದರಿಂದ. ಚಕ್ರವನ್ನು ಒಂದು ಬದಿಗೆ ನಾಲ್ಕೂವರೆ ಸೆಂಟಿಮೀಟರ್ ಹೊರಗೆ ತಂದವರೇ ಸೂರನ್ನೂ ಹೊರಗೆ ಚಾಚಿದರು. ನಾವು ಮಾಡಿದ್ದು ತದ್ವಿರುದ್ಧ: ಚಕ್ರವನ್ನು ಇನ್ನಷ್ಟು ಹೊರಗೆ ತಂದು ಸೂರನ್ನು ಕಿತ್ತೆವು.

ಇಂಥ ಗಾಡಿಗಳೇ ಬೇಡವೆನ್ನುವವನು ನಾನಲ್ಲ. 2021ರ ಜುಲೈ ತಿಂಗಳಿನಲ್ಲಿ ಕಳಚೆಯಲ್ಲಿ ಗುಡ್ಡ ಕುಸಿದಾಗ, ಗುಳ್ಳಾಪುರದ ಸೇತುವೆ ಕೊಚ್ಚಿಹೋದಾಗ, ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿಯ ಬೆಲೆ ಏನೆಂಬುದನ್ನು ಈ ತಾಲ್ಲೂಕು ಕಂಡಿದೆ. ಕಲ್ಲುಬಂಡೆಗಳ ನಡುವೆ ಓಡಿಸುವಾಗ ಫ್ಲೇರು ಸಿಕ್ಕಿ ಹರಿಯುತ್ತದೆಂಬ ಅಳಿಯನ ವಾದವೂ ಸುಳ್ಳಲ್ಲ. ಆದರೆ ಅವನ ಗಾಡಿ ವರ್ಷದಲ್ಲಿ ಎಷ್ಟು ದಿನ ಬಂಡೆ ಹತ್ತಿದೆ? ಉಳಿದ ದಿನವೆಲ್ಲ ಓಡುವುದು ಶಾಲೆಯ ಮಕ್ಕಳು ನಡೆಯುವ ರಸ್ತೆಯಲ್ಲೇ.

ಕೊನೆಗೆ ಅವನೇ ಫ್ಲೇರುಗಳನ್ನು ಅಟ್ಟದಿಂದ ಇಳಿಸಿದ. ಆಗ ತಿಳಿಯಿತು, ಕೀಳುವುದು ಅರ್ಧ ಗಂಟೆಯ ಕೆಲಸ, ತಿರುಗಿ ಕೂರಿಸುವುದು ಹಾಗಲ್ಲವೆಂದು. ಹಳೆಯ ತೂತುಗಳಿದ್ದ ತಗಡೇ ಕೊಯ್ದುಹೋಗಿತ್ತು. ಹಿಂದಿನ ಕಮಾನಿನಲ್ಲಿ ಒಳತಗಡು ಹೊರತಗಡು ಎರಡನ್ನೂ ಸೇರಿಸಿದ್ದ ಅಂಚನ್ನೇ ಕತ್ತರಿಸಿದ್ದರಿಂದ ನಡುವೆ ಬಾಯಿ ತೆರೆದು, ಕೆಸರು ತುಂಬಿ, ಆಗಲೇ ತುಕ್ಕು ಹಿಡಿದಿತ್ತು. ಮೊದಲು ಅದನ್ನು ಕೆರೆದು, ಬೆಸುಗೆ ಹಾಕಿಸಿ, ಜಿಂಕ್ ಪ್ರೈಮರ್ ಬಳಿದು, ಸಂದಿಗೆ ಸೀಲಂಟ್ ತುಂಬಿಸಬೇಕಾಯಿತು. ಇದನ್ನು ಬಿಟ್ಟು ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದಂತೆ. ಒಳಗೆ ನೀರು ನಿಂತು ತಗಡು ಇನ್ನೂ ಬೇಗ ಹಾಳಾಗುತ್ತದೆ.

ಆಮೇಲೆ ಅಳತೆ. ಮುಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಪ್ರಿಂಗ್ ಕುಗ್ಗುವಂತೆ ಮಾಡಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿದೆವು. ಹಾಗೆ ನೋಡದೆ ತೂತು ಕೊರೆದರೆ ಮೊದಲ ಹೊಂಡದಲ್ಲೇ ಟೈರು ಫ್ಲೇರನ್ನು ಕಚ್ಚಿ ಎಳೆಯುತ್ತದೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಒಂದು ಬದಿಯದನ್ನು ಮಗುಚಿ ಇನ್ನೊಂದು ಬದಿಗೆ ಹಿಡಿದು ಗುರುತು ಮಾಡಿದೆವು. (ರೇಖಾಗಣಿತ ಕಲಿಸಿದ್ದು ವ್ಯರ್ಥವಾಗಲಿಲ್ಲ!) ಕೊರೆಯುವ ಮುನ್ನ ತಗಡಿನ ಹಿಂದೆ ದೀಪದ ವೈರು ಇದೆಯೇ ಎಂದು ಕೈಹಾಕಿ ನೋಡಿಕೊಳ್ಳಬೇಕು.

ಬರೀ ಅಂಟು ಹಾಕಿ ಕೂರಿಸಿಕೊಡುತ್ತೇವೆನ್ನುವವರು ಸಿಗುತ್ತಾರೆ. ನಮ್ಮ ಮಳೆಗೆ, ಕೆಸರಿನ ಭಾರಕ್ಕೆ, ಅದನ್ನು ನಾನು ನಂಬುವುದಿಲ್ಲ. ಪಾಲಿಪ್ರೊಪಿಲೀನಿಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ತಗಡಿನಲ್ಲಿ ರಿವೆಟ್ ನಟ್ಟು ಕೂರಿಸಿ, ತುಕ್ಕು ಹಿಡಿಯದ ಸ್ಟೀಲಿನ ಬೋಲ್ಟು ಹಾಕುವುದು ಮೇಲು. ನಿಜವಾಗಿ ಬಂಡೆ ಹತ್ತುವ ದಿನ ಬಿಚ್ಚಿಟ್ಟು ಮರುದಿನ ಹಾಕಿಕೊಳ್ಳಬಹುದು. ಬಿಸಿಲಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹಿಗ್ಗುವುದರಿಂದ ಅದರ ತೂತನ್ನು ಉದ್ದವಾಗಿಸಿ, ಅಗಲವಾದ ವಾಷರ್ ಇಟ್ಟು, ಹದವಾಗಿ ಬಿಗಿಯಬೇಕು. ಸೀಳಿದ ಕಡೆ ಬಿರುಕಿನ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದುವರಿಯುವುದಿಲ್ಲ. ತಗಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ರಬ್ಬರ್ ಅಂಚು, ನೀರಿಳಿಯಲು ಕೆಳಗೆ ಸ್ವಲ್ಪ ತೆರಪು. ಇಷ್ಟಾದರೂ ಹಳೆಯ ಫ್ಲೇರು ಹೊಸ ಟೈರಿನ ಅಗಲಕ್ಕೆ ಸಾಲಲಿಲ್ಲ. ಟೈರನ್ನೇ ಒಂದು ಅಳತೆ ಚಿಕ್ಕದಕ್ಕೆ ಇಳಿಸಬೇಕಾಯಿತು. ಅಳಿಯನ ಮುಖ ಎರಡು ದಿನ ಸಪ್ಪಗಿತ್ತು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಆದರೆ ಪೊಲೀಸರ ಭಯಕ್ಕಾಗಿ ಫ್ಲೇರು ಹಾಕಿರೆಂದು ನಾನು ಹೇಳಲಾರೆ. ಕಮಾನು ಕೊಯ್ದುಕೊಡುವ ಗ್ಯಾರೇಜಿನವರು, ಚಕ್ರದ ಅಗಲವನ್ನು ಪೂರ್ತಿ ಮುಚ್ಚುವ ಸೂರು ಕೂರಿಸದೆ ಗಾಡಿಯನ್ನು ರಸ್ತೆಗೆ ಬಿಡಬಾರದು. ಮಾಲೀಕ ಒತ್ತಾಯಿಸಿದರೂ ಬಿಡಬಾರದು. ನನ್ನ ಬೇಡಿಕೆ ಇಷ್ಟೇ.

ಆ ಹೆಂಗಸಿನ ಗಾಯ ಮಾಗಿದೆ, ಕಲೆ ಉಳಿದಿದೆ. ಈಗಲೂ ನಮ್ಮ ಗಾಡಿ ಕಂಡರೆ ಅವಳು ಗಟಾರದ ಆಚೆಗೆ ದಾಟಿ ನಿಲ್ಲುತ್ತಾಳೆ. ಅಳಿಯ ಗಾಡಿ ನಿಲ್ಲಿಸಿ, ಅವಳು ಮುಂದೆ ಹೋದ ಮೇಲೆ ಹೊರಡುತ್ತಾನೆ. ಎಡಗಡೆಯ ಹಿಂದಿನ ಫ್ಲೇರಿಗೆ ಇನ್ನೂ ಒಂದು ಬೋಲ್ಟು ಬರಬೇಕಾಗಿದೆ. ಯಲ್ಲಾಪುರಕ್ಕೆ ಹೋದಾಗ ತರುತ್ತೇನೆಂದು ಹೇಳಿ ಹದಿನೈದು ದಿನವಾಯಿತು.