ಟಾನ್ಸಿಲ್ ತೆಗೆಸಿದ ಮೇಲೆ ಕತ್ತು ವಾಲಿದರೆ...

ಮಗುವಿಗೆ ಟಾನ್ಸಿಲ್ ಆಪರೇಷನ್ ಮಾಡಿಸಿ ಮನೆಗೆ ಕರೆತಂದಿದ್ದೀರಿ. ತಣ್ಣಗಿನ ಗಂಜಿ, ಮೊಸರನ್ನ, ಐಸ್‌ಕ್ರೀಂ ನಡೆದಿದೆ. ಒಂದೆರಡು ವಾರ ಗಂಟಲು ನೋವು, ಕಿವಿ ನೋವು ಇರೋದು ಸಹಜ. ರಕ್ತ ಕಂಡರೆ ತಕ್ಷಣ ಬನ್ನಿ ಅಂತ ಡಾಕ್ಟರೂ ಹೇಳಿರ್ತಾರೆ. ಕತ್ತಿನ ಮಾತು ಮಾತ್ರ ಅಷ್ಟಾಗಿ ಬರೋದಿಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಮಗುವಿನ ತಲೆ ಒಂದು ಭುಜದ ಕಡೆ ವಾಲಿ, ಗಲ್ಲ ಇನ್ನೊಂದು ಕಡೆ ತಿರುಗಿದೆ ಅನ್ನಿ. ನೇರ ಮಾಡು ಅಂದರೆ ಅಳುತ್ತೆ. "ದಿಂಬು ಸರಿಯಿರಲಿಲ್ಲ, ಉಳುಕಿದೆ" ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಎಣ್ಣೆ ಬಿಸಿಯಾಗುತ್ತೆ, ಉಳುಕು ತೆಗೆಯುವವರ ವಿಳಾಸವೂ ಸಿಗುತ್ತೆ.

ದಯವಿಟ್ಟು ಅಲ್ಲೇ ತಡೆಯಿರಿ. ಅತ್ತೆಯವರಿಗೆ ಬೇಜಾರಾದರೂ ಪರವಾಗಿಲ್ಲ.

ಇದು ಗ್ರಿಸೆಲ್ ಸಿಂಡ್ರೋಮ್ ಇರಬಹುದು. 1930ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಪಿಯೆರ್ ಗ್ರಿಸೆಲ್ ಅವರ ಹೆಸರು ಇದಕ್ಕಿದೆ. ಗಂಟಲಿನ ಹಿಂದೆಯೇ ಕತ್ತಿನ ಮೇಲಿನ ಎರಡು ಮೂಳೆಗಳಿವೆ. ಗಂಟಲಿನ ಉರಿಯೂತ ಸಣ್ಣ ರಕ್ತನಾಳಗಳ ಮೂಲಕ ಅಲ್ಲಿಗೆ ಹರಡಿದರೆ, ಮೂಳೆಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳು ಸಡಿಲವಾಗುತ್ತವೆ. ಬೀಳದೆ, ಪೆಟ್ಟಾಗದೆ ಮೂಳೆ ತಿರುಗಿ ಸಿಕ್ಕಿಕೊಳ್ಳುತ್ತದೆ. ಮಕ್ಕಳ ಅಸ್ಥಿರಜ್ಜು ಮೊದಲೇ ಮೆದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಂತೂ ಇನ್ನೂ ಸಡಿಲ, ಹಾಗಾಗಿ ಅಪಾಯ ಹೆಚ್ಚು. ಅಡಿನಾಯ್ಡ್ ತೆಗೆಸಿದ ಮೇಲೂ, ಆಪರೇಷನ್ನೇ ಇಲ್ಲದೆ ಬರೀ ಗಂಟಲ ಸೋಂಕಿನಿಂದಲೂ ಇದು ಬರಬಹುದು.

ಗಾಬರಿ ಬೇಡ, ಇದು ತೀರಾ ಅಪರೂಪ. ಆಪರೇಷನ್ ಆದ ಒಂದೆರಡು ದಿನ ಕತ್ತು ಸ್ವಲ್ಪ ಬಿಗಿಯಾಗಿರೋದು ಎಷ್ಟೋ ಮಕ್ಕಳಲ್ಲಿ ಉಂಟು. ತಲೆ ವಾಲಿದ್ದು ವಾಲಿದಂತೆಯೇ ನಿಂತರೆ ಮಾತ್ರ ಕಾಯಬಾರದು. ಜ್ವರ ಇಲ್ಲವಲ್ಲ ಅಂತಲೂ ಸುಮ್ಮನಿರಬೇಡಿ, ಜ್ವರವಿಲ್ಲದೆಯೂ ಇದು ಬರುತ್ತದೆ.

ಬೇಗ ಗೊತ್ತಾದರೆ ಆಂಟಿಬಯಾಟಿಕ್, ಉರಿಯೂತ ಇಳಿಸುವ ಔಷಧಿ, ಕತ್ತಿಗೆ ಕಾಲರ್, ಇಷ್ಟರಲ್ಲೇ ಸಾಮಾನ್ಯವಾಗಿ ವಾಸಿ. ತಡವಾದರೆ ಆಸ್ಪತ್ರೆಯಲ್ಲಿ ಮಲಗಿಸಿ ತೂಕ ಕಟ್ಟಿ ಎಳೆಯಬೇಕಾಗಬಹುದು. ಇನ್ನೂ ತಡವಾದರೆ ಎರಡು ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ. ಆಮೇಲೆ ಮಗುವಿಗೆ ಮೊದಲಿನಷ್ಟು ಕತ್ತು ತಿರುಗಿಸಲು ಆಗೋದಿಲ್ಲ. ಆ ಮೂಳೆಗಳ ನಡುವೆಯೇ ಬೆನ್ನುಹುರಿ ಹಾದುಹೋಗುತ್ತದೆ, ಅದಕ್ಕೇ ಕತ್ತು ಹಿಡಿದು ತಿರುಗಿಸಬೇಡಿ ಅನ್ನೋದು. ಕೈಕಾಲು ಸೋತರೆ, ಜೋಮು ಹಿಡಿದರೆ ನೇರವಾಗಿ ತುರ್ತು ವಿಭಾಗಕ್ಕೇ ಹೋಗಿ.

ಸ್ಕೂಟರ್ ಮೇಲೆ ಕೂರಿಸಿಕೊಂಡು ಹಂಪ್ ಹಾರಿಸುತ್ತಾ ಹೋಗಬೇಡಿ. ಕತ್ತು ಯಾವ ಭಂಗಿಯಲ್ಲಿದೆಯೋ ಹಾಗೇ ಕಾರಿನಲ್ಲಿ ಕರೆದೊಯ್ಯಿರಿ. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನಿನಲ್ಲಿ "ಕತ್ತು ನೋವು" ಅಂತಷ್ಟೇ ಹೇಳಿದರೆ ಮಾತ್ರೆ ಕೊಡಿ ಅಂದುಬಿಡಬಹುದು. "ತಲೆ ಒಂದು ಕಡೆ ವಾಲಿದೆ, ನೇರ ಆಗ್ತಿಲ್ಲ, ಇಷ್ಟು ದಿನದಿಂದ" ಅಂತ ಬಿಡಿಸಿ ಹೇಳಿ, ಸಿ.ಟಿ. ಸ್ಕ್ಯಾನ್ ಬೇಕಾ ಅಂತ ನೀವೇ ಕೇಳಿ.